ಎಡಗೈ ತುತ್ತು

ಜಾಲಹಳ್ಳಿ ಕಡೆ ಹೋದರೆ ನಾನು ಈಗಲೂ ಮೆಸ್ ಆಂಟಿಯೇ. ಮೈಮೇಲೆ ನರ್ಸಿನ ಬಿಳಿ ಕೋಟು ಇದ್ದರೂ ಬಸ್ ಸ್ಟಾಪಿನಲ್ಲಿ ಯಾರಾದರೊಬ್ಬರು ನಿಲ್ಲಿಸಿ, "ಏನ್ ಆಂಟಿ, ಮೆಸ್ ಮತ್ತೆ ಯಾವಾಗ ಓಪನ್ನು?" ಎಂದು ಕೇಳುತ್ತಾರೆ. ಅಂಥವರ ಮುಖ ಮರೆತಿದ್ದರೂ ಅವರ ತಟ್ಟೆ ನೆನಪಿರುತ್ತದೆ. ಇವನು ಸಾರಿನಲ್ಲಿ ಹುಣಸೆಹಣ್ಣು ಮುಂದಾದರೆ ಮುಖ ಗಂಟು ಹಾಕುತ್ತಿದ್ದವನು, ಇವನು ಮೊಸರಿಗೆ ಉಪ್ಪಿನಕಾಯಿ ಇಲ್ಲದೆ ಏಳದವನು, ಹೀಗೆ.

ಆ ಮೆಸ್ಸು ನಮ್ಮ ಮನೆಯ ಮುಂದಿನ ಪಡಸಾಲೆ. ಅದರಲ್ಲಿ ಎರಡು ಉದ್ದನೆಯ ಬೆಂಚು, ಗೋಡೆಗೆ ಒಂದು ಕೈ ತೊಳೆಯುವ ನಲ್ಲಿ. ಸುತ್ತಲಿನ ಫ್ಯಾಕ್ಟರಿಗಳಲ್ಲಿ ದುಡಿಯುವ, ರೂಮು ಮಾಡಿಕೊಂಡಿರುವ ಹುಡುಗರು ಬರುತ್ತಿದ್ದರು. ಬೆಳಿಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ, ರಾತ್ರಿ ಮುದ್ದೆ, ಅನ್ನ, ಸಾರು. ಮುದ್ದೆ ಕಟ್ಟಿ ಕಟ್ಟಿ ನನ್ನ ಅಂಗೈ ಬಿಸಿಗೆ ಮರಗಟ್ಟಿಹೋಗಿತ್ತು. ಯಾರಾದರೂ ತಟ್ಟೆಯಲ್ಲಿ ಅನ್ನ ಬಿಟ್ಟರೆ ಜ್ವರವೋ, ಮನೆಯಿಂದ ಕೆಟ್ಟ ಸುದ್ದಿಯೋ, ಸೂಪರ್‌ವೈಸರ್ ಜೊತೆ ಜಗಳವೋ ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಅದೊಂದು ವಿದ್ಯೆಯೆಂದು ಆಗ ನನಗೆ ಅನ್ನಿಸಿರಲಿಲ್ಲ.

ಅಂಥ ಹುಡುಗರಲ್ಲಿ ಒಬ್ಬ ಕಾಮಾಲೆಯಾಗಿ ಆಸ್ಪತ್ರೆ ಸೇರಿದ. ಊರಿಂದ ಯಾರೂ ಬಂದಿರಲಿಲ್ಲ. ಗಂಜಿ ತೆಗೆದುಕೊಂಡು ಹೋಗಿದ್ದೆ. ವಾರ್ಡಿನಲ್ಲಿ ನರ್ಸಮ್ಮ ಒಬ್ಬರೇ ಇದ್ದರು. ಪಕ್ಕದ ಮಂಚದ ಮುದುಕರ ಹಾಸಿಗೆ ಬದಲಾಯಿಸಬೇಕಿತ್ತು. "ಸ್ವಲ್ಪ ಹಿಡ್ಕೊತೀರಾಮ್ಮ" ಅಂದರು. ಮುದುಕರನ್ನು ನನ್ನ ಕಡೆಗೆ ಹೊರಳಿಸಿ ಹಿಡಿದುಕೊಂಡೆ. ಅವರ ಬೆನ್ನು ನನ್ನ ಕೈಗೆ ಗಿರಣಿಯಿಂದ ಆಗಷ್ಟೇ ತಂದ ಹಿಟ್ಟಿನ ಚೀಲದ ಹಾಗೆ ಬಿಸಿಯಾಗಿ, ಭಾರವಾಗಿ ತಾಗಿತು. ಈ ಕೆಲಸ ನನಗೆ ಬರುತ್ತದೆ ಅನ್ನಿಸಿತು. ನರ್ಸಾಗಲು ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಕೇಳಿದವರು ಇನ್ನೂ ಏನೋ ಇರಬೇಕು ಎಂದು ಕಾಯುತ್ತಾರೆ.

ಪಿಯುಸಿ ಎಂದೋ ಪಾಸಾಗಿತ್ತು. ನರ್ಸಿಂಗ್ ಸೇರುವ ವಯಸ್ಸು ಮುಗಿಯಲು ಸ್ವಲ್ಪವೇ ಬಾಕಿ ಇತ್ತು. ನಮ್ಮ ಮನೆಯವರು ಲೇತ್ ಕೆಲಸದವರು, ಮಾತು ಕಡಿಮೆ. ನರ್ಸಿಂಗ್ ಸೇರುತ್ತೇನೆ ಎಂದು ಹೇಳಿದ ಮೂರನೆಯ ದಿನ ಅಂದರು, "ಹೋಗು ಮಾರಾಯ್ತಿ. ಫೇಲಾದ್ರೆ ಮಾತ್ರ ಪ್ರೋಗ್ರೆಸ್ ಕಾರ್ಡಿಗೆ ನನ್ ಸೈನ್ ಕೇಳ್ಕೊಂಡ್ ಬರ್ಬೇಡ." ಮೆಸ್ ಮುಚ್ಚುತ್ತೇನೆ ಅಂದ ರಾತ್ರಿ ಹುಡುಗರೆಲ್ಲ ಮುದ್ದೆ ಮುರಿಯುವುದರಲ್ಲೇ ಇದ್ದರು. ಒಬ್ಬ ಮಾತ್ರ, "ನಮ್ಮನ್ನ ಉಪವಾಸ ಕೆಡವಿ ಪೇಷೆಂಟ್‌ಗಳ ಸೇವೆಗೆ ಹೊರಟ್ರಾ ಆಂಟಿ? ನಾವೂ ಪೇಷೆಂಟ್ ಆದ್ರೆ ಊಟ ಹಾಕ್ತೀರಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದೆ.

ಯಲಹಂಕದ ಆಚೆಯ ಕಾಲೇಜಿನಲ್ಲಿ ಮಕ್ಕಳ ವಯಸ್ಸಿನವರ ಜೊತೆ ಕೂತು ಓದಿದೆ. ಅಲ್ಲೂ ನಾನು ಆಂಟಿಯೇ. ಪಾಸಾದ ಮೇಲೆ ಕೆಲವು ವರ್ಷ ಒಂದು ಆಸ್ಪತ್ರೆಯಲ್ಲಿದ್ದು, ಈಗ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಒಂದು ಧರ್ಮಾರ್ಥ ಸಂಸ್ಥೆಯಲ್ಲಿದ್ದೇನೆ. ಆಸ್ಪತ್ರೆಗೆ ಎತ್ತಿಕೊಂಡು ಹೋಗಲಾಗದವರು, ಹೋಗಲು ಕೈಲಾಗದವರು ನಮ್ಮವರು. ಹೆಬ್ಬಾಳದಿಂದ ವ್ಯಾನು ಹೊರಡುತ್ತದೆ. ಒಂದು ದಿನ ಆರ್.ಟಿ. ನಗರದ ಗಲ್ಲಿಗಳು, ಒಂದು ದಿನ ಯಲಹಂಕದಿಂದ ರಾಜಾನುಕುಂಟೆಯವರೆಗೆ. ಡ್ರೆಸ್ಸಿಂಗು, ಮೂತ್ರದ ಪೈಪು, ಮೂಗಿನ ಪೈಪು, ಬೆನ್ನಿನ ಹುಣ್ಣು. ಕೆಲಸ ಬಂದಿದೆ. ಬಂದಿದೆ ಎಂದೇ ತಿಳಿದುಕೊಂಡಿದ್ದೆ.

ಯಲಹಂಕ ಹಳೇ ಊರಿನಲ್ಲಿ ಒಬ್ಬ ಗಾರೆ ಮೇಸ್ತ್ರಿಯ ಮನೆಗೆ ಹೋಗತೊಡಗಿದ್ದು ಕಳೆದ ಬೇಸಿಗೆಯಲ್ಲಿ. ಅರವತ್ತು ದಾಟಿದವರು. ಪಾರ್ಶ್ವವಾಯು ಬಡಿದು ಬಲಗಡೆ ಕೈಕಾಲು ಸ್ವಾಧೀನ ತಪ್ಪಿತ್ತು, ಮಾತು ನಿಂತಿತ್ತು. ಬುದ್ಧಿ ಮಾತ್ರ ನೆಟ್ಟಗಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಎಡಗೈ ಆಡಿಸಿ ಹೌದು ಅಲ್ಲ ಅನ್ನುತ್ತಿದ್ದರು. ನುಂಗಲು ಆಗುತ್ತಿರಲಿಲ್ಲ. ಬಾಯಿಗೆ ಹಾಕಿದ್ದು ಹೊಟ್ಟೆಯ ದಾರಿ ಬಿಟ್ಟು ಶ್ವಾಸಕೋಶದ ದಾರಿ ಹಿಡಿಯುತ್ತಿತ್ತು. ಅದಕ್ಕೇ ಆಸ್ಪತ್ರೆಯವರು ಮೂಗಿನಿಂದ ಹೊಟ್ಟೆಗೆ ಪೈಪು ಹಾಕಿ ಕಳಿಸಿದ್ದರು.

ಮನೆಯಲ್ಲಿ ಅವರ ಹೆಂಡತಿ, ಮತ್ತು ಮಗಳು. ಮಗಳು ಹೆಬ್ಬಾಳದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಬೆಳಿಗ್ಗೆ ಎದ್ದವಳೇ ಹೊರಟರೆ ಅಂಗಡಿ ಬಾಗಿಲು ಹಾಕಿಯೇ ಬರುವವಳು, ಊಟವೂ ಅಲ್ಲೇ. ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿ ಒಂದು ಮುಸ್ಲಿಂ ಕುಟುಂಬ. ಆ ಮನೆಯ ಹೆಂಗಸು ಮಹಡಿ ಮೆಟ್ಟಿಲ ಮೇಲೆ ಕೂತು ಸೊಪ್ಪನ್ನೋ ಬೆಳ್ಳುಳ್ಳಿಯನ್ನೋ ಬಿಡಿಸುತ್ತಾ ನಮ್ಮ ವ್ಯಾನು ಬಂದದ್ದನ್ನು ಒಳಗೆ ಕೂಗಿ ಹೇಳುತ್ತಿದ್ದರು. ಮೇಸ್ತ್ರಿಯ ಹೆಂಡತಿಗೆ ಅವರು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು.

ಮೊದಲ ದಿನ ಮೇಸ್ತ್ರಿಯ ಹೆಂಡತಿಗೆ ಎಲ್ಲ ಕಲಿಸಿಕೊಟ್ಟೆ. ರಾಗಿ ಗಂಜಿಯನ್ನು ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಸೋಸುವುದು, ತಲೆ ಎತ್ತರಿಸಿ ಕೂರಿಸುವುದು, ದೊಡ್ಡ ಸಿರಿಂಜಿನಿಂದ ನಿಧಾನವಾಗಿ ಪೈಪಿಗೆ ಬಿಡುವುದು. ಆಮೇಲೆ ಖಡಾಖಂಡಿತವಾಗಿ ಹೇಳಿದೆ, "ಬಾಯಿಗೆ ಏನೂ ಕೊಡ್ಬೇಡಿ. ಒಂದು ಚಮಚ ನೀರೂ ಬೇಡ. ಕೇಳಿದ್ರೂ ಕೊಡ್ಬೇಡಿ."

"ಆಯ್ತು ಸಿಸ್ಟ್ರೇ. ನೀವ್ ಏಳ್ದಂಗೆ."

ಅವರು ರಾಜಾನುಕುಂಟೆ ಕಡೆಯ ಹಳ್ಳಿಯವರು. ಗೂಡಿನಲ್ಲಿ ಮಾತ್ರೆಯ ಪಟ್ಟಿಗಳು ಧೂಳು ಹಿಡಿದದ್ದನ್ನು ನೋಡಿ ಕೇಳಿದರೆ, ಅವರದೇ ಸಕ್ಕರೆ ಕಾಯಿಲೆಯ ಮಾತ್ರೆ. ಗಂಡನ ಗಡಿಬಿಡಿಯಲ್ಲಿ ಬಿಟ್ಟುಬಿಟ್ಟಿದ್ದರು. ಅದಕ್ಕೂ ಗದರಿದೆ. "ನೀವು ಮಲಗಿದ್ರೆ ಇವ್ರನ್ನ ನೋಡೋರ್ ಯಾರಮ್ಮ? ಇವತ್ತಿಂದ ಒಂದು ದಿನಾನೂ ತಪ್ಪಿಸೋ ಹಂಗಿಲ್ಲ." ಅದಕ್ಕೂ, "ನೀವ್ ಏಳ್ದಂಗೆ."

ಹೇಳಿದ ಎರಡು ಮಾತೂ ಸರಿಯಾದವೇ. ಇವತ್ತಿಗೂ ಯಾವ ಮನೆಯಲ್ಲಾದರೂ ಅವನ್ನೇ ಹೇಳುತ್ತೇನೆ. ಆಯಮ್ಮ ಎರಡನ್ನೂ ಚಾಚೂ ತಪ್ಪದೆ ನಡೆಸಿದರು.

ಆಮೇಲೆ ಹೋದಾಗಲೆಲ್ಲ ಬಾಗಿಲಲ್ಲೇ ನಾನು ಕೇಳುತ್ತಿದ್ದದ್ದು, "ಫೀಡ್ ಆಯ್ತಾಮ್ಮ?" ಎಂದು. "ಅವ್ರದ್ದಾಯ್ತು ಸಿಸ್ಟ್ರೇ," ಅನ್ನುತ್ತಿದ್ದರು. ಅವರದ್ದು ಎನ್ನುವ ಮಾತು ಅಷ್ಟು ಸಲ ಕಿವಿಗೆ ಬಿದ್ದರೂ ನಿಮ್ಮದು ಎಂದು ಕೇಳಲಿಲ್ಲ. ಊಟ ಆಯ್ತಾ ಎಂದು ನಮ್ಮಲ್ಲಿ ದಾರಿಯಲ್ಲಿ ಸಿಕ್ಕವರನ್ನೂ ಕೇಳುತ್ತೇವೆ. ಬೆಂಚಿನ ಮೇಲೆ ಕೂತವರ ತಟ್ಟೆ ಓದುತ್ತಿದ್ದ ನಾನು ಆ ಮನೆಯಲ್ಲಿ ಮಂಚ ಒಂದನ್ನೇ ಓದಿದೆ. ಬೆನ್ನು ಹುಣ್ಣಾಗಿಲ್ಲ, ಪೈಪು ಸರಿದಿಲ್ಲ, ಮೂತ್ರದ ಬಣ್ಣ ತಿಳಿಯಾಗಿದೆ. ಆಯಮ್ಮನ ಬಳೆಗಳು ಮುಂಗೈಯಿಂದ ಮೊಣಕೈವರೆಗೆ ಜಾರಾಡುತ್ತಿದ್ದವು. ನೋಡಿದೆ. ಚಿಂತೆಗೆ ಸೊರಗಿದ್ದಾರೆ ಅಂದುಕೊಂಡೆ. ಚಿಂತೆ ಎನ್ನುವುದು ನಮಗೆ ಬಹಳ ಅನುಕೂಲದ ಮಾತು, ಅಂದುಬಿಟ್ಟರೆ ಮುಂದೆ ಹುಡುಕಬೇಕಾಗಿಲ್ಲ.

ಅವತ್ತು ನಾನು ಮೇಸ್ತ್ರಿಯ ಬಿಪಿ ನೋಡುತ್ತಿದ್ದೆ. ಆಯಮ್ಮ ಗಂಜಿಯ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ಅಲ್ಲೇ ನಿಂತರು. "ಯಾರಿಗಿದು?" ಅಂದರು. ಲೋಟ ಕೈಯಿಂದ ಜಾರಿತು. ಗೋಡೆ ಸವರಿಕೊಂಡು ಹಾಗೇ ನೆಲಕ್ಕೆ ಕೂತರು. ಓಡಿಹೋಗಿ ಹಿಡಿದರೆ ರವಿಕೆಯೆಲ್ಲ ಬೆವರಿನಿಂದ ತೊಯ್ದಿದೆ, ಕೈ ತಣ್ಣಗಿದೆ, ಕಣ್ಣು ನನ್ನ ಮೇಲೆ ನಿಲ್ಲುತ್ತಿಲ್ಲ. ಬೆರಳು ಚುಚ್ಚಿ ನೋಡಿದೆ. ಸಕ್ಕರೆ ತೀರಾ ಇಳಿದುಹೋಗಿತ್ತು. ನುಂಗುತ್ತಾರೆ ಎಂದು ಖಾತ್ರಿ ಮಾಡಿಕೊಂಡು ಸಕ್ಕರೆ ನೀರು ಕುಡಿಸಿದೆ. ಮಂಚದ ಮೇಲಿಂದ ಮೇಸ್ತ್ರಿ ಎಡಗೈಯಲ್ಲಿ ಕಬ್ಬಿಣದ ಪಟ್ಟಿಯನ್ನು ಬಡಿಯುತ್ತಲೇ ಇದ್ದರು. ಅವರಿಗೆ ಅಡುಗೆಮನೆಯ ಬಾಗಿಲು ಕಾಣುತ್ತಿರಲಿಲ್ಲ.

ಸದ್ದಿಗೆ ಮೇಲಿನ ಮನೆಯವರು ಇಳಿದು ಬಂದರು. ಆಯಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದುಪಟ್ಟಾದಲ್ಲಿ ಬೆವರು ಒರೆಸಿದರು.

"ತಿಂಡಿ ತಿಂದಿರ್ಲಿಲ್ವಾ ಇವರು?" ಎಂದು ಕೇಳಿದೆ. ಅಂದೇ ಮೊದಲು ಕೇಳಿದ್ದು.

"ಎಲ್ಲಿ ತಿಂತಾರೆ ಸಿಸ್ಟರ್. ಇವ್ರ ಮನೆ ಕುಕ್ಕರ್ ಕೂಗಿ ಎಷ್ಟ್ ದಿನ ಆಯ್ತು ಗೊತ್ತಾ? ಒಗ್ಗರಣೆ ವಾಸ್ನೆ ಇಲ್ಲ, ಏನಿಲ್ಲ. ನಾನ್ ಏನಾದ್ರೂ ತಂದ್ಕೊಟ್ರೆ ಇಟ್ಟೋಗು ತಾಯಿ, ಆಮೇಲ್ ತಿಂತೀನಿ ಅಂತಾರೆ. ಸಾಯಂಕಾಲ ನೋಡಿದ್ರೆ ಬೆಕ್ಕಿಗ್ ಹಾಕಿರ್ತಾರೆ. ನಿಮಗ್ ಗೊತ್ತಿರತ್ತೆ ಅಂದ್ಕೊಂಡೆ ನಾನು. ನೀವು ಬಂದ್ ಹೋಗ್ತಿದ್ರಲ್ಲ."

ನೀವು ಬಂದು ಹೋಗುತ್ತಿದ್ದಿರಲ್ಲ. ಚುಚ್ಚಬೇಕೆಂದು ಅವರು ಹೇಳಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಆ ಮಾತ್ರೆಯ ಗುಣ ಹಾಗೆ, ಸಕ್ಕರೆ ಮತ್ತೆ ಇಳಿಯಬಹುದು, ಆಸ್ಪತ್ರೆಗೆ ಸೇರಿಸಿ ಅಂದರು. ಆಯಮ್ಮ ಗಂಡನನ್ನು ಬಿಟ್ಟು ಬರಲು ಒಪ್ಪಲಿಲ್ಲ. "ಖಾಲಾ, ನಾನಿಲ್ವಾ? ನಿಮ್ ಯಜಮಾನ್ರನ್ನ ಎತ್ಕೊಂಡ್ ಹೋಗಲ್ಲ ನಾನು," ಎಂದು ಮೇಲಿನ ಮನೆಯವರು ಬೈದು ಆಟೋ ಹತ್ತಿಸಿದರು. ಸಂಜೆವರೆಗೆ ಡ್ರಿಪ್ ಹಾಕಿ ಇಟ್ಟುಕೊಂಡು ಕಳಿಸಿದರು. ಅಂಗಡಿಯಿಂದ ಓಡಿಬಂದ ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು, "ದಿನಾ ಫೋನ್ ಮಾಡಿ ಕೇಳ್ತಿದ್ದೆ ಸಿಸ್ಟರ್, ನಂದಾಯ್ತು ಕಣೆ ಅಂತಿದ್ರು," ಅಂದಳು. ನಾನು ಫೋನ್ ಮಾಡಿ ಕೇಳಿದವಳೂ ಅಲ್ಲ.

ಮರುದಿನ ಆ ಮನೆ ನನ್ನ ಸರದಿಯಲ್ಲಿ ಇರಲಿಲ್ಲ. ಆದರೂ ಹೋದೆ. ಆಯಮ್ಮ ಗಂಡನಿಗೆ ಗಂಜಿ ಕೊಟ್ಟು ಮುಗಿಸಿ ಪಾತ್ರೆ ತೊಳೆಯುತ್ತಿದ್ದರು.

"ನಿಮ್ದಾಯ್ತಾ ಅಮ್ಮ?"

ನಾಚಿಕೊಂಡವರ ಹಾಗೆ ನಕ್ಕರು. "ಟೀ ಕುಡ್ದೆ."

"ಟೀ ಊಟ ಅಲ್ಲ."

"ಇಳಿಯಾಕಿಲ್ಲ ಸಿಸ್ಟ್ರೇ. ಮದ್ವೆ ಆದಾಗಿಂದ ಅವರುಂಡ ಮ್ಯಾಲೇ ನಾನು ಉಂಡಿರದು. ಕೆಲ್ಸಕ್ ಓದಾಗ್ಲೂ ಡಬ್ಬಿ ಬಿಚ್ಚೋ ಒತ್ತು ಆಯ್ತು ಅಂತ ಗ್ಯಾನ ಮಾಡ್ಕಂಡು ತಟ್ಟೆ ಆಕ್ಕೊಳ್ತಿದ್ದೆ. ಯಾರೂ ಏಳ್ಕೊಟ್ಟಿದ್ದಲ್ಲ, ಅಂಗೇ ಬಂದ್ಬುಡ್ತು. ಈಗ ಅವ್ರು ಉಣ್ಣದೆ ನಾನ್ ಎಂಗ್ ಉಣ್ಲಿ?"

"ಪೈಪಲ್ಲಿ ಕೊಡೋದು ಊಟಾನೇ ಅಲ್ವಾ? ಅದೇ ರಾಗಿ, ಅದೇ ಹಾಲು."

"ಪೈಪಲ್ ಉಯ್ಯೋದು ಊಟಾನಾ? ಗಾಡಿಗೆ ಪೆಟ್ರೋಲ್ ಆಕ್ದಂಗೆ." ಅವರೇ ನಕ್ಕುಬಿಟ್ಟರು. ಆಮೇಲೆ ದನಿ ತಗ್ಗಿಸಿ, "ಬಾಯ್ ರುಚಿ ಕಾಣ್ದೆ ಮಲ್ಗವ್ರೆ. ನಾನ್ ಅಡ್ಗೆಮನೇಲಿ ಕುಂತ್ಕಂಡು ಸೊಪ್ಪಿನ ಸಾರ್ ಉಯ್ಕಂಡು ಉಣ್ಲಾ?"

ಅವರ ಮುಂದೆಯೇ ತಟ್ಟೆ ಇಟ್ಟುಕೊಂಡು ತಿನ್ನಿ, ಜೊತೆಗೆ ಕೂತ ಹಾಗೆ ಆಗುತ್ತದೆ ಅಂದೆ. ಗಾಬರಿಯಿಂದ ನನ್ನ ಬಾಯಿ ಮುಚ್ಚಿಸಲು ಬಂದರು. ಉಣ್ಣದವರ ಮುಂದೆ ತಟ್ಟೆ ಇಡುವುದೆಂದರೆ ಸತ್ತವರಿಗೆ ಎಡೆ ಇಟ್ಟ ಹಾಗೆ. ಅದು ನನಗೆ ಹೊಳೆಯಬೇಕಿತ್ತು, ನಮ್ಮ ಮನೆಯಲ್ಲೂ ಇಡುತ್ತೇವೆ.

ನಮ್ಮ ಮಾತೆಲ್ಲ ಮೇಸ್ತ್ರಿಗೆ ಕೇಳಿಸಿತ್ತು. ಅವರು ಎಡಗೈ ಎತ್ತಿ ನನ್ನನ್ನು ಕರೆದರು, ಮಗು ನೀರು ಕೇಳುವ ಹಾಗಲ್ಲ, ಕೂಲಿಯವರನ್ನು ಕರೆಯುವ ಹಾಗೆ. ಹತ್ತಿರ ಹೋದರೆ ಹೆಂಡತಿಯ ಕಡೆ ಬೆರಳು ತೋರಿಸಿ, ಬೆರಳುಗಳನ್ನು ಒಟ್ಟು ಮಾಡಿ ತಮ್ಮ ಬಾಯಿಯ ಹತ್ತಿರ ಒಯ್ದು, ಆಮೇಲೆ ಆ ಕೈಯನ್ನೇ ಆಕೆಯ ಕಡೆ ಚಾಚಿದರು. ನನಗೆ ಅಂದು ಅರ್ಥವಾಗಿದ್ದು ಹೀಗೆ: ಕೊಡು ಇತ್ತ, ನಾನು ತಿನ್ನಿಸುತ್ತೇನೆ. ಸರಿಯಾಗಿಯೇ ಅರ್ಥವಾಯಿತೋ, ಅಥವಾ ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆನೋ.

ಒಲೆ ಹಚ್ಚಿ ನಾನೇ ಮುದ್ದೆ ತಿರುವಿದೆ. ಮೇಲಿನ ಮನೆಯಿಂದ ಬಿಸಿ ಬೇಳೆಸಾರು ಬಂತು. ತಟ್ಟೆ ತಂದು ಮಂಚದ ಅಂಚಿನಲ್ಲಿ ಕೂತೆ, ಆಯಮ್ಮನನ್ನೂ ಕೂರಿಸಿದೆ. ಒಂದು ತುಂಡು ಮುರಿದು ಸಾರಿನಲ್ಲಿ ಅದ್ದಿ ಮೇಸ್ತ್ರಿಯ ಎಡಗೈ ಬೆರಳುಗಳಲ್ಲಿ ಇಟ್ಟೆ.

ಆಯಮ್ಮ ಮುಖ ಹಿಂದಕ್ಕೆಳೆದರು. "ಎಡಗೈಯಾಗಾ? ಎಡಗೈಯಾಗೆ ಅನ್ನ ಕೊಡ್ತಾರಾ ಯಾರಾನಾ?"

"ಇರೋ ಕೈ ಅದೇ ಅಲ್ವಾಮ್ಮ."

"ಸರಿ ಬಿಡಿ ನೀವು. ಮಗಳು ನೋಡಿದ್ರೆ ನಗ್ತಾಳೆ, ಈ ವಯಸ್ನಲ್ಲಿ." ಬಾಗಿಲ ಹೊರಗಿದ್ದ ಮೇಲಿನ ಮನೆಯವರು, "ಮಗಳಿಲ್ಲ, ನಾನೂ ಆ ಕಡೆ ತಿರ್ಗಿದೀನಿ, ತಿನ್ನಿ ಖಾಲಾ," ಅಂದರು.

ಮೇಸ್ತ್ರಿಯ ಕೈ ಗಾಳಿಯಲ್ಲೇ ನಿಂತಿತ್ತು. ಮೊಣಕೈಯಿಂದ ಸಾರು ತೊಟ್ಟಿಕ್ಕಿತು. ಅದು ಅಷ್ಟು ಹೊತ್ತು ನಿಂತಿರುವುದನ್ನು ನೋಡಲಾರದೆ ಆಯಮ್ಮ ಕಣ್ಣು ಮುಚ್ಚಿ ಬಾಯಿ ತೆರೆದರು. ಮುದ್ದೆ ಅಗಿಯುವುದಲ್ಲ, ನುಂಗುವುದು. ಅವರ ಗಂಟಲು ಒಮ್ಮೆ ಮೇಲಕ್ಕೆ ಹೋಗಿ ಕೆಳಗಿಳಿಯಿತು. ಅದೇ ಕ್ಷಣದಲ್ಲಿ ಮೇಸ್ತ್ರಿಯ ಗಂಟಲೂ ಹಾಗೇ ಹೋಗಲು ನೋಡಿತು.

ಬಾಯಲ್ಲಿ ನೀರೂರುತ್ತದೆ ಎಂಬುದನ್ನು ಮರೆತಿದ್ದೆ. ಅಷ್ಟು ದಿನ ಗಂಜಿಯ ವಾಸನೆಯನ್ನೂ ಸರಿಯಾಗಿ ಕಾಣದವರ ಮುಖದ ಮುಂದೆ ಬಿಸಿ ಸಾರು ಇಟ್ಟಿದ್ದೆ. ಊರಿದ ನೀರು ಅಡ್ಡದಾರಿ ಹಿಡಿದು ಕೆಮ್ಮು ಹತ್ತಿತು. ಮುಖ ಕೆಂಪಾಗಿ, ಕಣ್ಣು ಹೊರಗೆ ಬಂದ ಹಾಗಾಯಿತು. ತಟ್ಟೆ ನೆಲಕ್ಕಿಟ್ಟು ಅವರನ್ನು ಪಕ್ಕಕ್ಕೆ ಹೊರಳಿಸಿದೆ. ಬಾಯಲ್ಲಿದ್ದದ್ದನ್ನು ಬಟ್ಟೆಯಿಂದ ತೆಗೆದೆ, ಉಸಿರು ಸಮ ಆಗುವವರೆಗೆ ಹಾಗೇ ಹಿಡಿದುಕೊಂಡಿದ್ದೆ. ಆಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು.

"ಎಂಜಲು ಅಡ್ಡ ಹೋಯ್ತು, ಅಷ್ಟೇ," ಅಂದೆ. ಅದು ಸುಳ್ಳಲ್ಲ. ಯಾಕೆ ಊರಿತು ಎಂದು ಹೇಳಲಿಲ್ಲ.

ಇನ್ನು ಇದು ಬೇಡ ಎಂದು ತಟ್ಟೆ ಎತ್ತಿದರೆ ಮೇಸ್ತ್ರಿ ಮಂಚದ ಪಟ್ಟಿ ಬಡಿದರು. ತಟ್ಟೆಯ ಕಡೆಗೇ ಬೆರಳು. ಅವರ ತಲೆಯನ್ನು ಇನ್ನೂ ಎತ್ತರಿಸಿ, ಬಾಯಿ ಒರೆಸಿ, ಇನ್ನೊಂದು ತುಂಡು ಕೈಗೆ ಕೊಟ್ಟೆ. ಎರಡನೆಯದನ್ನು ಆಯಮ್ಮ ತಡ ಮಾಡದೆ ತೆಗೆದುಕೊಂಡರು. ಆಮೇಲೆ ತಟ್ಟೆಯನ್ನು ತಾವೇ ಎಳೆದುಕೊಂಡು ಮಂಚಕ್ಕೆ ಒರಗಿ ಕೂತು ಉಂಡರು. ಹಸಿದವರು ಉಣ್ಣುವುದನ್ನು ನಾನು ಜೀವಮಾನವಿಡೀ ನೋಡಿದ್ದೇನೆ. ಇಷ್ಟು ತಲೆ ತಗ್ಗಿಸಿ ಉಂಡವರನ್ನು ನೋಡಿರಲಿಲ್ಲ.

ವಾರದ ಸಭೆಯಲ್ಲಿ ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಆಯಮ್ಮನ ಮಾತ್ರೆ ಬದಲಾಯಿಸಿದರು. ಮೇಸ್ತ್ರಿ ಕೈ ಆಡಿಸುತ್ತಿರುವುದು, ಹೆಂಡತಿ ಊಟ ಶುರು ಮಾಡಿರುವುದು ಒಳ್ಳೆಯದೇ, ಜೋಪಾನವಾಗಿ ನಡೆಸಿ ಅಂದರು. ಒಂದು ಹನಿ ಸಾರನ್ನಾದರೂ ಅವರ ನಾಲಿಗೆಗೆ ಸವರಬಹುದೇ ಎಂದು ಕೇಳಿದೆ. "ಈಗ ಬೇಡ ಸಿಸ್ಟರ್, ರಿಸ್ಕು. ನುಂಗೋದನ್ನ ಪರೀಕ್ಷೆ ಮಾಡೋರು ಬರ್ಲಿ, ಆಮೇಲೆ ನೋಡೋಣ." ಅವರು ಬಂದರು, ಪರೀಕ್ಷೆ ಮಾಡಿದರು. ಇನ್ನೂ ಆಗುವುದಿಲ್ಲ ಅಂದರು. ಒಂದೆರಡು ವ್ಯಾಯಾಮ ಹೇಳಿಕೊಟ್ಟು ಹೋದರು. ಮತ್ತೆ ಬರುತ್ತಾರೆ.

ಈಗ ಆ ಮನೆಯಲ್ಲಿ ಅದೊಂದು ಪದ್ಧತಿಯೇ ಆಗಿದೆ. ಮೊದಲು ಮೇಸ್ತ್ರಿಗೆ ಪೈಪಿನಲ್ಲಿ ಗಂಜಿ. ಆಮೇಲೆ ಎಡಗೈಯಿಂದ ಹೆಂಡತಿಗೆ ಒಂದು ತುತ್ತು, ಮೊದಲ ತುತ್ತು ಮಾತ್ರ. ಅದಾದ ಮೇಲೆ ಆಯಮ್ಮ ತಟ್ಟೆ ಹಾಕಿಕೊಳ್ಳುತ್ತಾರೆ. ಸಾರು ತಣ್ಣಗಾಗಿರಬೇಕು, ವಾಸನೆ ಏಳಬಾರದು ಎಂದು ನಾನೊಂದು ನಿಯಮ ಮಾಡಿದ್ದೇನೆ. ಕೈ ಸುಡದಿರಲಿ ಎಂದು ಕಾರಣ ಹೇಳಿದ್ದೇನೆ. ಆಯಮ್ಮನ ಮುಖ ತುಂಬಿಕೊಂಡಿದೆ. ಬಳೆ ಮುಂಗೈಯಲ್ಲೇ ನಿಲ್ಲುತ್ತದೆ. ಮಗಳು ಒಮ್ಮೆ ರಜೆ ದಿನ ನೋಡಿ, "ನನಗೆ ಒಂದಿನಾನೂ ತಿನ್ಸಿಲ್ಲ ನೋಡಿ ನಮ್ಮಪ್ಪ," ಎಂದು ಅಳುವ ಹಾಗೆ ನಕ್ಕಳಂತೆ.

ನನ್ನ ಮನೆಯವರಿಗೆ ಇದನ್ನು ಹೇಳಿದಾಗ ಅವರು ಲೋಟ ಕೆಳಗಿಟ್ಟು, "ಒಳ್ಳೇ ಕೆಲ್ಸ ಮಾಡ್ದೆ," ಅಂದರು. ಅವರು ಹಾಗೆ ಅನ್ನುವುದು ಅಪರೂಪ. ನನಗೆ ಆ ಮಾತನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಯಾಕೆಂದರೆ ಹೋದಾಗಲೆಲ್ಲ ನಾನು ಮೇಸ್ತ್ರಿಯ ತಲೆಯ ಕಡೆ ಕೂರುತ್ತೇನೆ. ತುತ್ತು ಕೈಗೆ ಬಂದ ಕೂಡಲೇ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಕೈ ತಾನಾಗಿ ಹೆಂಡತಿಯ ಬಾಯಿ ಹುಡುಕಿಕೊಂಡು ಹೋಗುತ್ತದೆ. ಕೊಟ್ಟಾದ ಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಸಾರು ಹತ್ತಿದ ಬೆರಳುಗಳನ್ನು ಮೂಗಿನ ಹತ್ತಿರ ಬರದಂತೆ ಮಂಚದಾಚೆ ಇಳಿಬಿಡುತ್ತಾರೆ, ನಾನು ಒರೆಸುವವರೆಗೂ. ಹೊಟ್ಟೆ ತುಂಬಿದವರು ಹಾಗೆ ಮಾಡುವುದಿಲ್ಲ.

ಕಳೆದ ವಾರ ಆಯಮ್ಮ ಉಣ್ಣುತ್ತಾ ಅವರ ಬೆನ್ನಿನ ಕಡೆ ನೋಡಿ ಮೆಲ್ಲಗೆ ಹೇಳಿದರು, "ನೋಡಿ ಸಿಸ್ಟ್ರೇ, ನಾನ್ ಉಂಡ್ರೆ ಅವ್ರಿಗೆ ಎಷ್ಟ್ ನೆಮ್ಮದಿ. ಕಣ್ಮುಚ್ಚಿ ಅಂಗೇ ನಿದ್ದೆಗೆ ಓಯ್ತಾರೆ."

ಮೇಸ್ತ್ರಿ ನಿದ್ದೆ ಹೋಗಿರಲಿಲ್ಲ. ಗೋಡೆಯ ಕಡೆ ತಿರುಗಿದ್ದ ಅವರ ಕಣ್ಣು ತೆರೆದೇ ಇತ್ತು, ಮಾತೂ ಕೇಳಿಸಿತ್ತು. ತಲೆದಿಂಬಿನ ಹತ್ತಿರ ಕೂತಿದ್ದ ನನ್ನನ್ನು ಓರೆಗಣ್ಣಿನಿಂದ ನೋಡಿದರು. ಎಡಗೈಯ ಹೆಬ್ಬೆರಳನ್ನು ಒಂದೇ ಸಲ, ಹೇಳಬೇಡ ಅನ್ನುವ ಹಾಗೆ, ಆಡಿಸಿದರು.

"ಹೌದಮ್ಮ," ಅಂದೆ. "ಇನ್ನೊಂಚೂರು ಹಾಕ್ಕೊಳ್ಳಿ."